ಗುಜರಾತಿನ ಮೇಲೆ ತುರ್ಕರ ದಂಡಯಾತ್ರೆ (1299) ಮತ್ತು ಶತ್ರುಂಜಯದ ಜೀರ್ಣೋದ್ಧಾರ (1315)

ಪಾಲಿತಾಣದ ಶತ್ರುಂಜಯ ಬೆಟ್ಟಕ್ಕೆ ನಮ್ಮ ರಾಜ್ಯದಿಂದ ಯಾತ್ರೆ ಹೋಗಿಬರುವ ಕುಟುಂಬಗಳು ಬಹಳ. ಮೂರೂವರೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಆದಿನಾಥ ಸ್ವಾಮಿಯ ದರ್ಶನ ಮಾಡಿ, ಇಳಿಯುವಾಗ ಮೊಸರು ಕುಡಿದು ಬರುತ್ತೇವೆ. ಶ್ವೇತಾಂಬರ ಬಂಧುಗಳಿಗೆ ಅದು ತೀರ್ಥಗಳ ತೀರ್ಥ. ದಿಗಂಬರರಿಗೆ ಪಾಂಡವರಲ್ಲಿ ಮೂವರು ಮುಕ್ತಿ ಪಡೆದ ಸಿದ್ಧಕ್ಷೇತ್ರ. ಬೆಟ್ಟದ ಮೇಲೆ ದಿಗಂಬರ ಜಿನಾಲಯವೂ ಇದೆ. ಕೆಲವು ವರ್ಷಗಳ ಹಿಂದೆ ನಾನು ಸ್ವಯಂಸೇವಕನಾಗಿ ಒಂದು ಯಾತ್ರೆಯ ಬಸ್ಸಿನ ಜೊತೆ ಹೋಗಿದ್ದಾಗ ಹೈಸ್ಕೂಲಿನ ಹುಡುಗನೊಬ್ಬ ಕೇಳಿದ: "ತಾತಾ, ಸುಲ್ತಾನರ ಸೈನ್ಯ ಇಲ್ಲಿಗೂ ಬಂದಿತ್ತು ಅಂತಾರೆ, ಹಾಗಾದರೆ ಇದನ್ನೆಲ್ಲ ಮತ್ತೆ ಕಟ್ಟಿದವರು ಯಾರು? ರಾಜನೇ ಇರಲಿಲ್ಲವಲ್ಲ?" ಆಗ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

ಹುಡುಗನ ಪ್ರಶ್ನೆ ಸರಿಯಾಗಿಯೇ ಇತ್ತು. 1299ರ ನಂತರ ಗುಜರಾತಿನಲ್ಲಿ ಜೈನರನ್ನು ಆದರಿಸುವ ರಾಜ ಇರಲಿಲ್ಲ. ಆದರೂ ಹದಿನಾರು ವರ್ಷಗಳಲ್ಲಿ ಶತ್ರುಂಜಯದಲ್ಲಿ ಹೊಸ ಬಿಂಬದ ಪ್ರತಿಷ್ಠಾಪನೆ ನಡೆಯಿತು. ಅದನ್ನು ಮಾಡಿಸಿದವನು ರಾಜನೂ ಅಲ್ಲ, ಮಂತ್ರಿಯೂ ಅಲ್ಲ. ಪಾಟಣದ ಒಬ್ಬ ವ್ಯಾಪಾರಿ.

ದಾಳಿಗೆ ಮುಂಚಿನ ಗುಜರಾತ್

ಅಣಹಿಲವಾಡ ಪಾಟಣ ಚೌಲುಕ್ಯರ ರಾಜಧಾನಿ. ಗುಜರಾತಿನಲ್ಲಿ ಇವರನ್ನು ಸೋಲಂಕಿಗಳು ಎನ್ನುತ್ತಾರೆ. ನಮ್ಮ ಬಾದಾಮಿ, ಕಲ್ಯಾಣದ ಚಾಲುಕ್ಯರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಈ ವಂಶದ ಕುಮಾರಪಾಲ (1143–1172) ಹೇಮಚಂದ್ರಾಚಾರ್ಯರ ಶಿಷ್ಯ. ರಾಜ್ಯದಲ್ಲಿ ಪ್ರಾಣಿವಧೆ ನಿಲ್ಲಿಸಲು ಆಜ್ಞೆ ಹೊರಡಿಸಿದವನು. ಅವನ ಕಾಲದಲ್ಲೇ ಮಂತ್ರಿ ಉದಯನನ ಮಗ ವಾಗ್ಭಟ ಶತ್ರುಂಜಯದಲ್ಲಿದ್ದ ಮರದ ದೇವಾಲಯದ ಜಾಗದಲ್ಲಿ ಕಲ್ಲಿನ ದೇವಾಲಯ ಕಟ್ಟಿಸಿದ. ಪರಂಪರೆಯಲ್ಲಿ ಇದನ್ನು ಹದಿನಾಲ್ಕನೆಯ ಉದ್ಧಾರ ಎಂದು ಎಣಿಸುತ್ತಾರೆ.

13ನೇ ಶತಮಾನದ ಮಧ್ಯದಲ್ಲಿ ಪಾಟಣದ ಗದ್ದುಗೆ ಅದೇ ಕುಲದ ಶಾಖೆಯಾದ ವಾಘೇಲರ ಕೈಗೆ ಬಂತು. ಧೋಳ್ಕಾದಲ್ಲಿದ್ದ ವಾಘೇಲ ವೀರಧವಲನ ಮಂತ್ರಿಗಳೇ ವಸ್ತುಪಾಲ ಮತ್ತು ತೇಜಪಾಲ. ಅಬು ಪರ್ವತದ ಲೂಣವಸಹಿ ದೇವಾಲಯ (1231) ಈ ಸಹೋದರರದ್ದು. ಅಂದರೆ ನೂರೈವತ್ತು ವರ್ಷ ಗುಜರಾತಿನ ಜೈನ ಸಮಾಜಕ್ಕೆ ಒಂದು ಅಭ್ಯಾಸ ಆಗಿಹೋಗಿತ್ತು: ರಾಜ ನಮ್ಮವನು ಅಥವಾ ನಮ್ಮ ಕಡೆಗೆ ಒಲವಿರುವವನು, ಖಜಾನೆ ನೋಡಿಕೊಳ್ಳುವ ಮಂತ್ರಿ ನಮ್ಮವನು, ತೀರ್ಥದ ಕೆಲಸ ಅಂದರೆ ಅರಮನೆಯ ಕೆಲಸವೇ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಮುಸಲ್ಮಾನರು ಗುಜರಾತಿಗೆ ಮೊದಲು ಬಂದದ್ದು ಸೈನ್ಯದ ಜೊತೆಯಲ್ಲೇ ಎಂದುಕೊಳ್ಳುವುದು ತಪ್ಪು. ಖಂಭಾತ್, ಭದ್ರೇಶ್ವರ, ಸೋಮನಾಥ ಪಾಟಣದ ಬಂದರುಗಳಿಗೆ ಅರಬ್ಬರು, ಪರ್ಷಿಯನ್ನರು ಹಿಂದಿನಿಂದಲೂ ಹಡಗು ತರುತ್ತಿದ್ದರು. ಹೊರ್ಮುಜ್‌ನ ಹಡಗು ವ್ಯಾಪಾರಿ ನೂರುದ್ದೀನ್ ಫಿರೋಜ್ ಎಂಬವನು 1264ರಲ್ಲಿ, ವಾಘೇಲ ಅರ್ಜುನದೇವನ ಆಳ್ವಿಕೆಯಲ್ಲಿ, ಸೋಮನಾಥದ ಊರಿನಲ್ಲಿ ಮಸೀದಿ ಕಟ್ಟಿಸಿದ ಶಾಸನ ಸಂಸ್ಕೃತದಲ್ಲೂ ಅರಬ್ಬಿಯಲ್ಲೂ ಇದೆ. ಬರಗಾಲದಲ್ಲಿ ಕಣಜ ತೆರೆದ ಭದ್ರೇಶ್ವರದ ಶ್ರಾವಕ ಜಗಡೂ ಶಾಹ ತನ್ನ ಊರಿನಲ್ಲಿ ಒಂದು ಮಸೀದಿಯನ್ನೂ ಕಟ್ಟಿಸಿಕೊಟ್ಟನೆಂದು ಅವನ ಚರಿತೆ ಬರೆದ ಸರ್ವಾನಂದಸೂರಿಗಳೇ ಹೇಳಿದ್ದಾರೆ. ಬಂದರಿನಲ್ಲಿ ವ್ಯಾಪಾರ ಮಾಡುವವನಿಗೆ ಎಲ್ಲ ದೇಶದವರೂ ಗಿರಾಕಿಗಳೇ ತಾನೆ. ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ಈ ಹಳೆಯ ಪರಿಚಯ ನೆನಪಿನಲ್ಲಿರಬೇಕು.

1299

ದೆಹಲಿಯಲ್ಲಿ 1296ರಿಂದ ಅಲ್ಲಾವುದ್ದೀನ್ ಖಲ್ಜಿಯ ಆಳ್ವಿಕೆ. ಪಟ್ಟಕ್ಕೆ ಬರುವ ಮೊದಲೇ ಅವನು ದೇವಗಿರಿಯ ಯಾದವರ ಮೇಲೆ ದಾಳಿ ಮಾಡಿ ಅಪಾರ ಸಂಪತ್ತು ಒಯ್ದಿದ್ದ. ದಕ್ಷಿಣದ ಬಂಗಾರದ ರುಚಿ ಹತ್ತಿದವನಿಗೆ ಗುಜರಾತಿನ ಬಂದರುಗಳ ಮೇಲೆ ಕಣ್ಣು ಬಿದ್ದದ್ದು ಆಶ್ಚರ್ಯವಲ್ಲ. 1299ರಲ್ಲಿ ತಮ್ಮ ಉಲುಗ್ ಖಾನ್ ಮತ್ತು ಸೇನಾನಿ ನುಸ್ರತ್ ಖಾನ್ ಇವರನ್ನು ಗುಜರಾತಿಗೆ ಕಳುಹಿಸಿದ.

ಪಾಟಣದಲ್ಲಿ ಆಗ ಕರ್ಣದೇವ ವಾಘೇಲ. ಅವನ ಮಂತ್ರಿ ಮಾಧವನೇ ದೆಹಲಿಯ ಸೈನ್ಯವನ್ನು ಕರೆಸಿದನೆಂದು ಜಿನಪ್ರಭಸೂರಿಗಳು ಬರೆದಿದ್ದಾರೆ. ರಾಜ ಮಂತ್ರಿಯ ಮನೆತನಕ್ಕೆ ಅವಮಾನ ಮಾಡಿದ್ದ, ಅದಕ್ಕೇ ಸೇಡು ಎಂದು ನಂತರದ ಕಥೆಗಳು ಸೇರಿಸುತ್ತವೆ. ಕಥೆ ಎಷ್ಟು ಬೆಳೆದಿದೆಯೋ ಬೇರೆ ಮಾತು. ಮಂತ್ರಿಗೂ ರಾಜನಿಗೂ ಒಡಕು ಇತ್ತು ಎಂಬಷ್ಟನ್ನು ಆ ಕಾಲಕ್ಕೆ ತೀರ ಹತ್ತಿರದಲ್ಲಿದ್ದ ಆಚಾರ್ಯರ ಮಾತಿನ ಮೇಲೆ ನಾವು ನಂಬಬಹುದು.

ಪಾಟಣ ಹೆಚ್ಚು ಹೊತ್ತು ತಡೆಯಲಿಲ್ಲ. ಕರ್ಣ ದಕ್ಷಿಣಕ್ಕೆ ಓಡಿಹೋದ, ಯಾದವರ ಗಡಿಯಲ್ಲಿ ಆಶ್ರಯ ಪಡೆದ. ರಾಣಿ ಕಮಲಾದೇವಿ ಸೆರೆಯಾಗಿ ದೆಹಲಿಗೆ ಹೋದಳು. ಸೋಮನಾಥ ಲೂಟಿಯಾಯಿತು. ಖಂಭಾತಿನ ಸಾಹುಕಾರರ ಮನೆಗಳು ಲೂಟಿಯಾದವು. ಅಲ್ಲಿ ನುಸ್ರತ್ ಖಾನ್ ಹಿಡಿದುಕೊಂಡವರಲ್ಲಿ ಒಬ್ಬ ಗುಲಾಮನಿದ್ದ. ಸಾವಿರ ದೀನಾರಿಗೆ ಕೊಂಡವನು ಎಂಬ ಅರ್ಥದಲ್ಲಿ ಅವನನ್ನು 'ಹಜಾರ್ ದೀನಾರಿ' ಎನ್ನುತ್ತಿದ್ದರು. ಅವನೇ ಮಲಿಕ್ ಕಾಫರ್. ಈ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಹನ್ನೆರಡು ವರ್ಷಗಳ ನಂತರ ದ್ವಾರಸಮುದ್ರದ ಮುಂದೆ ದಂಡು ತಂದು ನಿಲ್ಲಿಸಿದವನು ಇವನೇ.

ಕರ್ಣ ಮರಳಿ ಬಂದು ಕೆಲಕಾಲ ಆಳಿದ. ಸುಮಾರು 1304ರ ಎರಡನೆಯ ದಂಡಯಾತ್ರೆಯ ನಂತರ ವಾಘೇಲರ ಕಥೆ ಮುಗಿಯಿತು. ಗುಜರಾತ್ ದೆಹಲಿಯ ಒಂದು ಪ್ರಾಂತವಾಯಿತು. ಅದರ ಮರುವರ್ಷ, 1305ರಲ್ಲಿ, ವಢವಾಣದಲ್ಲಿ ಕುಳಿತು ಮೇರುತುಂಗಾಚಾರ್ಯರು 'ಪ್ರಬಂಧ ಚಿಂತಾಮಣಿ'ಯನ್ನು ಪೂರ್ತಿ ಮಾಡಿದರು. ಸಿದ್ಧರಾಜ, ಕುಮಾರಪಾಲ, ವಸ್ತುಪಾಲರ ಕಥೆಗಳನ್ನು ಇಂದಿಗೂ ಜನ ಹೇಳುತ್ತಿದ್ದರೆ ಆ ಪುಸ್ತಕ ಮುಖ್ಯ ಕಾರಣ. ಕಣ್ಣೆದುರಿಗೇ ಒಂದು ಆಳ್ವಿಕೆ ಕರಗುತ್ತಿದ್ದಾಗ ಮುನಿಗಳು ಅದರ ಒಳ್ಳೆಯ ದಿನಗಳನ್ನು ಬರೆದಿಟ್ಟರು. ನನಗಂತೂ ಅದು ಸುಮ್ಮನೆ ಕೂಡಿಬಂದದ್ದು ಎನ್ನಿಸುವುದಿಲ್ಲ.

ಆಳ್ವಿಕೆಯಲ್ಲಿ ಬದಲಾದದ್ದೇನು, ಉಳಿದದ್ದೇನು

ಶಾಲೆಯ ಪಾಠದಲ್ಲಿ 'ಗುಜರಾತನ್ನು ಗೆದ್ದನು' ಎಂದು ಒಂದು ಸಾಲು ಇರುತ್ತದೆ. ಗೆದ್ದದ್ದು ಏನನ್ನು ಎಂದು ಕೇಳಬೇಕು. ದೆಹಲಿಯ ಕೈಗೆ ಬಂದದ್ದು ಪಾಟಣ, ಖಂಭಾತ್ ಮುಂತಾದ ನಗರಗಳು, ಬಂದರಿನ ಸುಂಕ, ದಾರಿಗಳು. ಬೆಟ್ಟ ಮತ್ತು ಕಾಡಿನ ಸೀಮೆಗಳಲ್ಲಿ ಸಣ್ಣ ಅರಸರು ಹಾಗೆಯೇ ಉಳಿದರು. ಜೂನಾಗಢದ ಚೂಡಾಸಮಾ ಮನೆತನ 1472ರವರೆಗೂ, ಅಂದರೆ ಇನ್ನೂ ನೂರೆಪ್ಪತ್ತು ವರ್ಷ, ಗಿರ್ನಾರ್ ಸೀಮೆಯನ್ನು ಆಳಿತು. ಉತ್ತರದ ಜಾಲೋರ್ ಕೋಟೆ ಬಿದ್ದದ್ದು 1311ರಲ್ಲಿ. ಹೀಗಾಗಿ ಒಬ್ಬ ಯಾತ್ರಿಕ ಪಾಟಣದಿಂದ ಹೊರಟು ಗಿರ್ನಾರ್ ಮುಟ್ಟುವಷ್ಟರಲ್ಲಿ ಸುಲ್ತಾನನ ಅಧಿಕಾರಿ, ರಜಪೂತ ರಾಣಾ, ಊರ ಠಾಕೂರ, ಎಲ್ಲರ ಗಡಿಯನ್ನೂ ದಾಟಬೇಕಿತ್ತು.

ಹೋದದ್ದು ಮೇಲಿನ ಹಂತ. ಪಾಟಣದ ರಾಜ ಹೋದ, ಅವನ ಸಭೆ ಹೋಯಿತು, ಸಭೆಯಲ್ಲಿ ಕುಳಿತು ತೀರ್ಥಕ್ಕೆ ಊರುಗಳನ್ನು ದತ್ತಿ ಬರೆಸುತ್ತಿದ್ದ ಜೈನ ಮಂತ್ರಿ ಹೋದ. ಉಳಿದವರು ಧಾನ್ಯ, ಬಟ್ಟೆ, ಕುದುರೆ, ಬೆಳ್ಳಿ-ಬಂಗಾರದ ವ್ಯಾಪಾರಿಗಳು. ಸೈನ್ಯ ಗೆದ್ದುಕೊಂಡ ಊರಿನಲ್ಲಿ ಮರುದಿನವೇ ತೆರಿಗೆ ಎಣಿಸಬೇಕು, ನಾಣ್ಯ ಬದಲಾಯಿಸಬೇಕು, ಕುದುರೆಗೆ ಕಡಲೆ ಬೇಕು. ಇದನ್ನೆಲ್ಲ ಬಲ್ಲವರು ಅವರೇ ಆಗಿದ್ದರು.

ದೆಹಲಿಯಲ್ಲೂ ಹೀಗೇ. ಠಕ್ಕುರ ಫೇರು ಎಂಬ ಶ್ರೀಮಾಲಿ ಜೈನ ಶ್ರಾವಕ ಅಲ್ಲಾವುದ್ದೀನ್ ಖಲ್ಜಿಯ ಕಾಲದಿಂದ ಖಜಾನೆ ಮತ್ತು ಟಂಕಸಾಲೆಯ ಕೆಲಸದಲ್ಲಿದ್ದ. ಸುಲ್ತಾನನ ಖಜಾನೆಯ ರತ್ನಗಳನ್ನು ಕಣ್ಣಾರೆ ಕಂಡು 1315ರಲ್ಲಿ 'ರತ್ನಪರೀಕ್ಷೆ' ಬರೆದ. 1318ರಲ್ಲಿ 'ದ್ರವ್ಯಪರೀಕ್ಷೆ' ಬರೆದ, ಅದು ಪ್ರಾಕೃತ-ಅಪಭ್ರಂಶದಲ್ಲಿದೆ. ಚಿನಿವಾರ ಪೇಟೆಯಲ್ಲಿ ಕುಳಿತವನಾದ್ದರಿಂದ ಈ ಪುಸ್ತಕದ ವಿಚಾರ ನನಗೆ ಸ್ವಲ್ಪ ಹೆಚ್ಚೇ ಹಿಡಿಸಿತು, ಓದುಗರು ಕ್ಷಮಿಸಬೇಕು. ಬೆಳ್ಳಿ, ಬಂಗಾರ ಶುದ್ಧಿ ಮಾಡುವುದು ಹೇಗೆ, ಮಟ್ಟ ನೋಡುವುದು ಹೇಗೆ, ಯಾವ ರಾಜನ ನಾಣ್ಯದಲ್ಲಿ ಎಷ್ಟು ಬೆಳ್ಳಿ, ಎಷ್ಟು ತಾಮ್ರ, ಯಾವುದಕ್ಕೆ ಯಾವುದು ಎಷ್ಟರಂತೆ ಬದಲು, ಇವನ್ನೆಲ್ಲ ಇನ್ನೂರಕ್ಕೂ ಹೆಚ್ಚು ಬಗೆಯ ನಾಣ್ಯಗಳಿಗೆ ಲೆಕ್ಕ ಹಾಕಿ ಕೊಟ್ಟಿದ್ದಾನೆ. ಗುಜರಾತಿನ ನಾಣ್ಯ, ಮಾಳವದ ನಾಣ್ಯ, ದೆಹಲಿಯ ಹಳೆಯ ತೋಮರರ ನಾಣ್ಯ, ಕೊನೆಗೆ ಆಗ ಪಟ್ಟದಲ್ಲಿದ್ದ ಕುತ್ಬುದ್ದೀನ್ ಮುಬಾರಕ್ ಷಾ ಹೊಸದಾಗಿ ಹೊಡೆಸಿದ್ದೂ ಇದೆ. ಸೋತ ರಾಜ್ಯಗಳ ನಾಣ್ಯಗಳೆಲ್ಲ ದೆಹಲಿಯ ಕುಲುಮೆಗೆ ಬರುತ್ತಿದ್ದವಲ್ಲ, ಒಂದೊಂದರ ಬೆಲೆ ಗೊತ್ತಿರಬೇಕಿತ್ತು. ಅವನು ಇದನ್ನು ಬರೆದದ್ದು ಸುಲ್ತಾನನಿಗಲ್ಲ, ತನ್ನ ತಮ್ಮನಿಗೂ ಮಗನಿಗೂ ಕಸುಬು ತಿಳಿಯಲಿ ಎಂದು. ಈ ಹಸ್ತಪ್ರತಿಯನ್ನು ಆರುನೂರು ವರ್ಷಗಳ ನಂತರ ಕಲ್ಕತ್ತೆಯಲ್ಲಿ ಪತ್ತೆ ಮಾಡಿದವರು ಬಿಕಾನೇರಿನ ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ. ಅವರೂ ವ್ಯಾಪಾರಿ ಮನೆತನದವರೇ.

ಯಾರೂ ತಪ್ಪು ತಿಳಿಯಬಾರದು. ವ್ಯಾಪಾರಿಗಳಿಗೆ ಹೊಸ ಆಳ್ವಿಕೆಯಲ್ಲಿ ಕೆಲಸ ಸಿಕ್ಕಿತು ಎಂದ ಮಾತ್ರಕ್ಕೆ ನಷ್ಟ ಸಣ್ಣದು ಎಂದಲ್ಲ. ಅಬು ಪರ್ವತದ ವಿಮಲವಸಹಿ, ಲೂಣವಸಹಿ ಎರಡೂ ಭಗ್ನವಾಗಿದ್ದವು. 1321-22ರ ಸುಮಾರಿಗೆ ಲಲ್ಲ ಮತ್ತು ಪೀಥಡ ಮೊದಲಾದ ಶ್ರಾವಕರು ರಿಪೇರಿ ಮಾಡಿಸಿದರು. ಸಾಂಚೋರದ ಪ್ರಸಿದ್ಧ ಮಹಾವೀರ ಬಿಂಬವನ್ನು 1310ರಲ್ಲಿ ದೆಹಲಿಗೆ ಒಯ್ದರೆಂದು ಜಿನಪ್ರಭಸೂರಿಗಳು ದುಃಖದಿಂದ ಬರೆದಿದ್ದಾರೆ. ಅದು ಮರಳಿ ಬರಲಿಲ್ಲ.

ಹಾಗೆಂದು ಎಲ್ಲ ಕಡೆಯೂ ಎಲ್ಲ ಕಾಲದಲ್ಲೂ ಒಡೆಯುವುದೊಂದೇ ನಡೆಯುತ್ತಿತ್ತು ಎಂದೂ ಅಲ್ಲ. ಅದೇ 1310ರ ಹೊತ್ತಿಗೆ (ವಿಕ್ರಮ ಸಂವತ್ 1366) ಖಂಭಾತಿನಲ್ಲಿ ಜೇಸಲ ಎಂಬ ಶ್ರಾವಕ ಅಜಿತನಾಥ ಜಿನಾಲಯವನ್ನೂ ಪೌಷಧಶಾಲೆಯನ್ನೂ ಕಟ್ಟಿಸಿದ ಶಾಸನವಿದೆ. ಅದರಲ್ಲಿ ಅಲ್ಲಾವುದ್ದೀನ್ ಸುಲ್ತಾನನ ಮತ್ತು ಅವನ ಪ್ರಾಂತಾಧಿಕಾರಿ ಆಲ್ಪ್ ಖಾನನ ಹೆಸರನ್ನು ಹಿಂದೆ ರಾಜರ ಹೆಸರು ಹಾಕುತ್ತಿದ್ದ ಜಾಗದಲ್ಲಿಯೇ ಹಾಕಿದ್ದಾರೆ. ಹನ್ನೊಂದು ವರ್ಷದ ಹಿಂದೆ ಲೂಟಿಯಾದ ಊರಿನಲ್ಲಿ ಹೊಸ ಬಸದಿ! ಶಾಸನ ಬರೆಸಿದವನ ಮನಸ್ಸಿನಲ್ಲಿ ಏನಿತ್ತೋ. ಕಲ್ಲಿನ ಮೇಲಂತೂ ಕೆಲಸ ನಡೆದ ದಾಖಲೆ ಇದೆ.

ಸಮರಾ ಶಾಹ

ವಿಕ್ರಮ ಸಂವತ್ 1369ರಲ್ಲಿ, ಅಂದರೆ 1313ರ ಸುಮಾರಿಗೆ, ಶತ್ರುಂಜಯದ ಮೂಲನಾಯಕ ಆದಿನಾಥರ ಬಿಂಬ ಸೈನಿಕರ ಕೈಯಲ್ಲಿ ಭಗ್ನವಾಯಿತು. ಸುದ್ದಿ ಪಾಟಣಕ್ಕೆ ಬಂತು.

ಪಾಟಣದಲ್ಲಿ ದೇಸಲ ಶಾಹ ಎಂಬ ಓಸವಾಲ ಸಾಹುಕಾರನಿದ್ದ. ಉಪಕೇಶ ಗಚ್ಛದ ಸಿದ್ಧಸೂರಿಗಳ ಶ್ರಾವಕ. ಅವನ ಮಗ ಸಮರಸಿಂಹ. ಜನ ಕರೆಯುತ್ತಿದ್ದುದು ಸಮರಾ ಶಾಹ ಎಂದು. ಈ ಜೀರ್ಣೋದ್ಧಾರದ ವಿವರ ನಮಗೆ ಸಿಗುವುದು ಎರಡು ಕೃತಿಗಳಿಂದ. ಒಂದು, ಅದೇ ಕಾಲದಲ್ಲಿ ಅಂಬದೇವಸೂರಿಗಳು ರಚಿಸಿದ 'ಸಮರಾರಾಸು'. ಇನ್ನೊಂದು, ಸಿದ್ಧಸೂರಿಗಳ ಶಿಷ್ಯರಾದ ಕಕ್ಕಸೂರಿಗಳು 1336ರಲ್ಲಿ ಬರೆದ 'ನಾಭಿನಂದನ ಜಿನೋದ್ಧಾರ ಪ್ರಬಂಧ'. ಜಿನಪ್ರಭಸೂರಿಗಳೂ ಇದೇ ವರ್ಷಗಳನ್ನು ಹೇಳುತ್ತಾರೆ. ಒಂದೇ ಘಟನೆಗೆ ಆ ಕಾಲದವರದ್ದೇ ಮೂರು ಸಾಕ್ಷಿ ಇರುವುದು ಅಪರೂಪ.

ಸಮರಾ ಶಾಹನಿಗೆ ಹಣದ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಅಪ್ಪಣೆಯದು. ವಾಗ್ಭಟನಿಗೆ ರಾಜನ ಬಳಿ ಒಂದು ಮಾತು ಹೇಳಿದರೆ ಸಾಕಿತ್ತು. ಇವನು ಪ್ರಾಂತಾಧಿಕಾರಿ ಆಲ್ಪ್ ಖಾನನ ಬಳಿ ಅರ್ಜಿ ಹಿಡಿದು ಹೋಗಬೇಕು. ಬಿಂಬ ಒಡೆದದ್ದು ಆ ಅಧಿಕಾರಿಯ ಆಳ್ವಿಕೆಯಲ್ಲೇ. ಆಲ್ಪ್ ಖಾನ್ ಸಾಧಾರಣ ಅಧಿಕಾರಿಯಲ್ಲ, ಸುಲ್ತಾನನ ಭಾವಮೈದುನ. ಆದರೆ ಪಾಟಣದಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಊರಿನ ದೊಡ್ಡ ಸಾಹುಕಾರರ ಪರಿಚಯ ಬೇಕೇ ಬೇಕಿತ್ತು, ಸಮರಾ ಶಾಹ ಅವನ ವಿಶ್ವಾಸ ಗಳಿಸಿದ್ದ. ಕಕ್ಕಸೂರಿಗಳು ಹೇಳುವಂತೆ ಸಮರಾ ಶಾಹ ತಮ್ಮ ಜನರ ಯಾತ್ರೆಯ ಆಸರೆಯೇ ಮುರಿದುಹೋಯಿತೆಂದು ನಿವೇದಿಸಿಕೊಂಡ, ಖಾನ್ ಫರ್ಮಾನು ಕೊಟ್ಟ.

ಫರ್ಮಾನು ಸಿಕ್ಕಿದ ಮೇಲೆ ಸಂಘದ ಸಭೆ ಸೇರಿತು. ಇಲ್ಲಿ ಒಂದು ವಿಷಯ ಬರುತ್ತದೆ, ನನಗೆ ಇಡೀ ಚರಿತ್ರೆಯಲ್ಲಿ ಬಹಳ ಹಿಡಿಸಿದ್ದು ಇದೇ. ಶತ್ರುಂಜಯದಲ್ಲಿ ಮಂತ್ರಿ ವಸ್ತುಪಾಲ ತರಿಸಿಟ್ಟ ಅಮೃತಶಿಲೆಯ ದಪ್ಪ ಹಲಗೆಗಳು ನೆಲಮಾಳಿಗೆಯಲ್ಲಿದ್ದವು. ಮುಂದೆ ಎಂದಾದರೂ ಬಿಂಬಕ್ಕೆ ಹಾನಿಯಾದರೆ ಇರಲಿ ಎಂದು, ದೆಹಲಿಯ ಸುಲ್ತಾನನ ಒಪ್ಪಿಗೆ ಪಡೆದು, ಮಮ್ಮಾಣಿ ಗಣಿಯಿಂದ ತರಿಸಿದ್ದು ಎಂದು ಪ್ರತೀತಿ. ಸಮರಾ ಶಾಹ ಆ ಶಿಲೆಯನ್ನು ಕೇಳಿದ. ಸಂಘ ಬೇಡವೆಂದಿತು. ಈಗ ನಿನಗೆ ಶಕ್ತಿ ಇದೆ, ಗಣಿಯ ದಾರಿ ತೆರೆದಿದೆ, ಹೊಸ ಶಿಲೆ ತರಿಸು. ಮುಂದೆ ಇನ್ನೂ ಕೆಟ್ಟ ಕಾಲ ಬಂದರೆ ಅದು ಅವರಿಗೆ ಇರಲಿ, ಎಂಬುದು ಸಂಘದ ಅಭಿಪ್ರಾಯ. ಸಮರಾ ಶಾಹ ಒಪ್ಪಿದ.

ಹೊಸ ಶಿಲೆ ಬರಬೇಕಾದದ್ದು ಆರಾಸಣದಿಂದ. ಈಗಿನ ಅಂಬಾಜಿ ಹತ್ತಿರದ ಕುಂಭಾರಿಯಾ ಸೀಮೆ. ಅಬುವಿನ ಕೆಲಸಕ್ಕೂ ಕಲ್ಲು ಹೋದ ಗಣಿ. ಅದು ತ್ರಿಸಂಗಮಪುರದ ರಾಣಾ ಮಹೀಪಾಲದೇವನ ವಶದಲ್ಲಿತ್ತು. ಅಂದರೆ ಪಾಟಣ ದೆಹಲಿಯ ಕೈಯಲ್ಲಿದ್ದರೂ ಗಣಿ ಒಬ್ಬ ಸ್ಥಳೀಯ ಅರಸನ ಕೈಯಲ್ಲಿತ್ತು. ಇವನು ಜೈನನಲ್ಲ, ಶಿವಭಕ್ತ. ಆದರೂ ಬಿಂಬಕ್ಕೆ ಬೇಕಾದ ಕಲ್ಲಿಗೆ ಹಣ ಮುಟ್ಟುವುದಿಲ್ಲ ಎಂದನಂತೆ. ಆರಾಸಣದಿಂದ ಪಾಲಿತಾಣಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಎತ್ತಿನ ಗಾಡಿಯ ಮೇಲೆ ಕಲ್ಲು ಹೊರಟಿತು. ದಾರಿಯ ಊರುಗಳಲ್ಲಿ ಜನ ಬಂದು ಆ ಕಲ್ಲಿಗೇ ಪೂಜೆ ಮಾಡಿದರು. ಬಿಂಬವಾಗುವುದಕ್ಕೆ ಇನ್ನೂ ಉಳಿಯ ಏಟು ಬೀಳಬೇಕಿತ್ತು.

ವಿಕ್ರಮ ಸಂವತ್ 1371ರ ಮಾಘ ಶುದ್ಧ ಚತುರ್ದಶಿ, 1315ರ ಆರಂಭದಲ್ಲಿ, ಪ್ರತಿಷ್ಠಾಪನೆಯಾಯಿತು. ದೇಸಲ ಶಾಹ ಸಂಘಪತಿ. ಬೇರೆ ಬೇರೆ ಗಚ್ಛಗಳ ಆಚಾರ್ಯರು ಸೇರಿದ್ದರು. ಗಚ್ಛ ಗಚ್ಛಗಳ ನಡುವೆ ವಾದ ಜೋರಾಗಿದ್ದ ಕಾಲ ಅದು. ಒಂದೇ ಸಂಘದಲ್ಲಿ ಅವರೆಲ್ಲ ನಡೆದದ್ದು ಸಣ್ಣ ಮಾತಲ್ಲ. ಅಲ್ಲಿಂದ ಸಂಘ ಗಿರ್ನಾರಿಗೂ ಹೋಗಿ ಪಾಟಣಕ್ಕೆ ಮರಳಿತು. ಭಗ್ನವಾದದ್ದಕ್ಕೂ ಪ್ರತಿಷ್ಠಾಪನೆಗೂ ನಡುವೆ ಎರಡೇ ವರ್ಷ. ಅರ್ಜಿ, ಫರ್ಮಾನು, ಗಣಿ, ಸಾಗಾಣಿಕೆ, ಶಿಲ್ಪಿಗಳ ಕೆಲಸ, ಎಲ್ಲ ಸೇರಿ. ಈಗ ನಮ್ಮ ಕಡೆ ಒಂದು ಬಸದಿಯ ಜೀರ್ಣೋದ್ಧಾರದ ಕಡತ ಎಷ್ಟು ಮೇಜು ಸುತ್ತುತ್ತದೆ ಎಂದು ಕಮಿಟಿಗಳಲ್ಲಿ ಓಡಾಡಿದವರಿಗೆ ಗೊತ್ತು.

ಇದೆಲ್ಲ ಎಷ್ಟು ತೆಳುವಾದ ದಾರದ ಮೇಲೆ ನಿಂತಿತ್ತು ಎಂಬುದೂ ಬೇಗನೆ ಗೊತ್ತಾಯಿತು. ಪ್ರತಿಷ್ಠಾಪನೆಯಾಗಿ ಸುಮಾರು ಒಂದು ವರ್ಷದಲ್ಲಿ ಅಲ್ಲಾವುದ್ದೀನ್ ಕಾಯಿಲೆ ಬಿದ್ದು ಸತ್ತ. ಅವನ ಕೊನೆಯ ದಿನಗಳಲ್ಲಿ ಮಲಿಕ್ ಕಾಫರನ ಒಳಸಂಚಿನಿಂದ ಆಲ್ಪ್ ಖಾನನ ಕೊಲೆಯಾಯಿತು. ಗುಜರಾತಿನಲ್ಲಿ ಅವನ ಕಡೆಯವರು ದಂಗೆ ಎದ್ದರು. ಅರ್ಜಿ ಒಂದೆರಡು ವರ್ಷ ತಡವಾಗಿದ್ದರೆ ಸಹಿ ಹಾಕುವ ಕೈಯೇ ಇರುತ್ತಿರಲಿಲ್ಲ. ಸಮರಾ ಶಾಹ ಮುಂದೆ ದೆಹಲಿಗೆ ಹೋಗಿ ಕುತ್ಬುದ್ದೀನ್ ಮುಬಾರಕ್ ಷಾ, ಘಿಯಾಸುದ್ದೀನ್ ತುಘಲಕ್ ಇವರ ಕಾಲದಲ್ಲೂ ಮನ್ನಣೆ ಪಡೆದ. ತೆಲಂಗಾಣದಲ್ಲಿ ಅಧಿಕಾರಿಯಾಗಿದ್ದು ಯುದ್ಧದಲ್ಲಿ ಸೆರೆಸಿಕ್ಕ ಅನೇಕರನ್ನು ಬಿಡಿಸಿದ ಎಂದು ಕಕ್ಕಸೂರಿಗಳು ಹೇಳುತ್ತಾರೆ.

ಫರ್ಮಾನಿನ ಕಾಲ

ಆಮೇಲಿನ ದಾಖಲೆಗಳಲ್ಲಿ ಮತ್ತೆ ಮತ್ತೆ ಬರುವ ಪದ 'ಫರ್ಮಾನು'. 1318ರಲ್ಲಿ ಠಕ್ಕುರ ಅಚಲಸಿಂಹ ಕುತ್ಬುದ್ದೀನನಿಂದ ಫರ್ಮಾನು ಪಡೆದು ಹಸ್ತಿನಾಪುರ, ಮಥುರೆಗೆ ಸಂಘ ಹೊರಡಿಸಿದ. 1323ರಲ್ಲಿ ದೆಹಲಿಯ ರಯಪತಿ ಎಂಬ ಶ್ರಾವಕ ಘಿಯಾಸುದ್ದೀನನ ಫರ್ಮಾನಿನೊಂದಿಗೆ ಶತ್ರುಂಜಯಕ್ಕೆ ಸಂಘ ಒಯ್ದ. ಯಾತ್ರೆಗೂ ಪರವಾನಗಿ ಬೇಕಾದ ಕಾಲ.

1328ರಲ್ಲಿ ಜಿನಪ್ರಭಸೂರಿಗಳು ಮಹಮ್ಮದ್ ಬಿನ್ ತುಘಲಕನನ್ನು ಭೇಟಿಯಾದರು. ತೀರ್ಥಗಳ ರಕ್ಷಣೆಗೆ ಫರ್ಮಾನು ಪಡೆದರು. ತುಘಲಕಾಬಾದಿನ ಖಜಾನೆಯಲ್ಲಿ ಬಿದ್ದಿದ್ದ ಒಂದು ಮಹಾವೀರ ಬಿಂಬವನ್ನು ಸುಲ್ತಾನನಿಂದಲೇ ಮರಳಿ ಪಡೆದರು. ನಂತರ ದೌಲತಾಬಾದಿಗೂ, ಅಂದರೆ ಹಳೆಯ ದೇವಗಿರಿಗೂ, ಬಂದು ಇದ್ದರು. ಅಲ್ಲಿ ಶ್ರಾವಕರು ಕಟ್ಟಿಸಿದ್ದ ಜಿನಾಲಯಗಳನ್ನು ಕೆಡವಲು ಬಂದವರಿಗೆ ಫರ್ಮಾನು ತೋರಿಸಿ ತಡೆದರೆಂದು ದಾಖಲೆ. ಅವರ 'ವಿವಿಧ ತೀರ್ಥ ಕಲ್ಪ' ಮುಗಿದದ್ದು 1333ರಲ್ಲಿ, ದೆಹಲಿಯಲ್ಲೇ. ಒಂದೊಂದು ತೀರ್ಥದಲ್ಲಿ ಏನು ಒಡೆಯಿತು, ಏನು ಉಳಿಯಿತು, ಯಾರು ಸರಿಪಡಿಸಿದರು ಎಂದು ಬರೆದ ಅಂಥ ಇನ್ನೊಂದು ಪುಸ್ತಕ ನಮ್ಮಲ್ಲಿಲ್ಲ.

ದಿಗಂಬರ ಪರಂಪರೆಯಲ್ಲೂ ದೆಹಲಿಯ ನೆನಪು ಇದೆ. ನಮ್ಮ ಹೊಂಬುಜದ 16ನೇ ಶತಮಾನದ ಶಾಸನವೊಂದು ಸಿಂಹಕೀರ್ತಿ ಮುನಿಗಳು ದೆಹಲಿಯ ಸುಲ್ತಾನನ ಸಭೆಯಲ್ಲಿ ವಾದ ಗೆದ್ದರೆಂದು ಹೇಳುತ್ತದೆ. ಆ ಸುಲ್ತಾನ ತುಘಲಕನೇ ಎಂದು ವಿದ್ವಾಂಸರ ಅಭಿಪ್ರಾಯ.

ನಮ್ಮ ಕಡೆ

ಖಂಭಾತಿನಲ್ಲಿ ಸೆರೆಸಿಕ್ಕ ಮಲಿಕ್ ಕಾಫರ್ 1311ರಲ್ಲಿ ದ್ವಾರಸಮುದ್ರಕ್ಕೆ ಬಂದ. ಮೂರನೆಯ ವೀರಬಲ್ಲಾಳ ಶರಣಾದ, ಆನೆ-ಕುದುರೆ-ಬೊಕ್ಕಸ ಕೊಟ್ಟ, ಮಗನನ್ನು ದೆಹಲಿಗೆ ಕಳುಹಿಸಿದ. ಮಗ 1313ರಲ್ಲಿ ಮರಳಿ ಬಂದ. ಹೊಯ್ಸಳ ರಾಜ್ಯ ಆಗಲೇ ಮುಳುಗಲಿಲ್ಲ. ಬಲ್ಲಾಳ ಇನ್ನೂ ಮೂವತ್ತು ವರ್ಷ ಕಾದಾಡಿದ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ 1133ರ ಪಾರ್ಶ್ವನಾಥ ಬಸದಿ ಇಂದಿಗೂ ನಿಂತಿದೆ. ಗುಜರಾತಿನಂತೆ ಇಲ್ಲಿ ದೆಹಲಿಯ ಅಧಿಕಾರಿ ಬಂದು ಕಾಯಂ ಕೂರಲಿಲ್ಲ. ಆ ಜಾಗದಲ್ಲಿ 1336ರಿಂದ ವಿಜಯನಗರ ಬೆಳೆಯಿತು.

ಆದರೂ ಒಂದು ಹೋಲಿಕೆ ಇದೆ. ಗಂಗರ, ಹೊಯ್ಸಳರ ಕಾಲದ ಜೈನ ದಂಡನಾಯಕರು, ಚಾವುಂಡರಾಯ, ಗಂಗರಾಜ, ಹುಳ್ಳ ಇಂಥವರು, ಇಲ್ಲಿಯೂ ಮುಗಿದಿದ್ದರು. 1368ರಲ್ಲಿ ಭಕ್ತರಿಗೂ ಜೈನರಿಗೂ ವ್ಯಾಜ್ಯವಾದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹಗಳ ಜೈನರು ಬುಕ್ಕರಾಯನಿಗೆ ಅಹವಾಲು ಕೊಟ್ಟರು. ಬುಕ್ಕರಾಯ ಎರಡೂ ದರ್ಶನಗಳಲ್ಲಿ ಭೇದವಿಲ್ಲವೆಂದು ತೀರ್ಪು ಕೊಟ್ಟ. ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು, ಅದರಿಂದ ಶ್ರವಣಬೆಳಗೊಳದ ದೇವರಿಗೆ ಇಪ್ಪತ್ತು ಜನ ಕಾವಲುಗಾರರನ್ನು ತಿರುಮಲೆಯ ತಾತಯ್ಯನವರು ನೇಮಿಸಬೇಕು, ಉಳಿದ ಹಣದಲ್ಲಿ ಬಸದಿಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು ಎಂದಾಯಿತು. ಆ ಶಾಸನದ ಕೊನೆಯಲ್ಲಿ ಬರುವ ಹೆಸರು ಕಲ್ಲೇಹದ ಬುಸುವಿಸೆಟ್ಟಿಯದು. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದವನು ಅವನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಎಂಬ ಪಟ್ಟ ಕೊಟ್ಟರು. ಪಾಟಣದಲ್ಲಿ ಶಾಹ, ಕಲ್ಲೇಹದಲ್ಲಿ ಸೆಟ್ಟಿ.

ಶಿಲೆ ಏನಾಯಿತು

ಗುಜರಾತ್ ಸುಮಾರು ನೂರು ವರ್ಷ ದೆಹಲಿಯ ಅಧಿಕಾರಿಗಳ ಕೈಯಲ್ಲಿತ್ತು. 1391ರಲ್ಲಿ ಬಂದ ಜಫರ್ ಖಾನ್ 1407ರಲ್ಲಿ ತಾನೇ ಸುಲ್ತಾನನಾದ. ಅವನ ಮೊಮ್ಮಗ ಅಹಮದ್ ಷಾ 1411ರಲ್ಲಿ ಅಹಮದಾಬಾದ್ ಕಟ್ಟಿದ. ಪಾಟಣ ರಾಜಧಾನಿಯಾಗಿ ಉಳಿಯಲಿಲ್ಲ. ಅಲ್ಲಿನ ಸಾಹುಕಾರರೂ ನಿಧಾನವಾಗಿ ಹೊಸ ಊರಿಗೆ ಅಂಗಡಿ ಬದಲಾಯಿಸಿದರು.

ಸಮರಾ ಶಾಹ ಪ್ರತಿಷ್ಠಾಪಿಸಿದ ಬಿಂಬಕ್ಕೂ ಮುಂದೆ ಹಾನಿಯಾಯಿತು. ಚಿತ್ತೋಡಿನ ಬಟ್ಟೆ ವ್ಯಾಪಾರಿ ಕರ್ಮಾ ಶಾಹ, ಗುಜರಾತಿನ ರಾಜಕುಮಾರ ಬಹಾದುರ್ ಷಾ ಮನೆ ಬಿಟ್ಟು ಚಿತ್ತೋಡಿಗೆ ಬಂದಿದ್ದಾಗ ಅವನಿಗೆ ಕಷ್ಟಕಾಲದಲ್ಲಿ ಹಣ ಕೊಟ್ಟಿದ್ದ. ಅವನು ಸುಲ್ತಾನನಾದ ಮೇಲೆ ಕರ್ಮಾ ಶಾಹ ಕೇಳಿದ್ದು ಶತ್ರುಂಜಯದ ಅಪ್ಪಣೆ. 1531ರಲ್ಲಿ, ವಿಕ್ರಮ ಸಂವತ್ 1587ರ ವೈಶಾಖದಲ್ಲಿ, ಹದಿನಾರನೆಯ ಉದ್ಧಾರ ನಡೆಯಿತು. ವಸ್ತುಪಾಲ ತರಿಸಿ ನೆಲಮಾಳಿಗೆಯಲ್ಲಿ ಇಟ್ಟಿದ್ದ, 1315ರಲ್ಲಿ ಸಂಘ ಮುಟ್ಟಬೇಡ ಎಂದಿದ್ದ ಆ ಮಮ್ಮಾಣಿ ಶಿಲೆಯನ್ನು ಆಗ ಹೊರಗೆ ತೆಗೆದರು. ಇಂದು ಪಾಲಿತಾಣದಲ್ಲಿ ನಾವು ದರ್ಶನ ಮಾಡುವ ಆದಿನಾಥ ಸ್ವಾಮ��ಯ ಮೂಲನಾಯಕ ಬಿಂಬ ಅದೇ ಶಿಲೆಯದು ಎಂದು ಪರಂಪರೆ ಹೇಳುತ್ತದೆ.